ಪರದೆಯ ಮೂಲೆಯ ಚಿಹ್ನೆಗೂ ಪಾಲಕರು ಬೇಕು

ಬಾವಿ ತೋಡಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ವರ್ಷವರ್ಷವೂ ಅದರ ಹೂಳೆತ್ತಿದವರ ಹೆಸರು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಬರದ ಬವಣೆಯನ್ನು ಕಂಡುಂಡ ಜತ್ತ ತಾಲೂಕಿನ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂಳೆತ್ತುವ ಇಂಥ ಕಾಯಕ ಗಣಕಯಂತ್ರದೊಳಗೂ ನಡೆದಿದೆಯೆಂಬುದು ನಮಗೆ ತಿಳಿದದ್ದು ಈಚೆಗೆ. ಅದೂ ನಮ್ಮದೇ ತಪ್ಪಿನಿಂದ.

ಉಮದಿಯ ನಮ್ಮ ಶಾಲೆಯಲ್ಲಿ ಹಳೆಯ ಗಣಕಯಂತ್ರವೊಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ಆವೃತ್ತಿಯನ್ನು ಹೊರುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನೂ, ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪನ್ನೂ ಹಾಕಿಸಿಕೊಂಡೆವು. ಹಣ ಖರ್ಚಾಗಲಿಲ್ಲ. ಒಂದು ದಿನ ಪರದೆಯ ಅಂಚಿನ ಪಟ್ಟಿಯನ್ನು ಒಪ್ಪಮಾಡಹೋಗಿ ಏನನ್ನೋ ಅಳಿಸಿದೆವು. ಮೂಲೆಯಲ್ಲಿದ್ದ ಜಾಲದ ಚಿಹ್ನೆ ಮಾಯವಾಯಿತು. “ಸರ್, ನೆಟ್ ಹೋತ್ರೀ!” ಎಂದು ಮಕ್ಕಳು ಕೂಗಿದರು. ಆದರೆ ಜಾಲ ಹೋಗಿರಲಿಲ್ಲ. ತೆರೆದ ಪುಟಗಳು ತೆರೆಯುತ್ತಲೇ ಇದ್ದವು. ಚಿಹ್ನೆಗಳು ಕೂಡುವ ‘ಟ್ರೇ’ ಎಂಬ ತಾಣವನ್ನಷ್ಟೇ ನಾವು ಕಿತ್ತುಹಾಕಿದ್ದೆವು.

ಇದರ ಮರ್ಮ ಇಷ್ಟೇ. ಅಲ್ಲಿ ದುಡಿಯುವವರು ಇಬ್ಬರು. ತೆರೆಯ ಹಿಂದೆ ನಿಂತು ವೈಫೈ ಹುಡುಕಿ, ಸಂಪರ್ಕ ಬೆಸೆದು, ಅದನ್ನು ನೆನಪಿಟ್ಟುಕೊಳ್ಳುವುದು ನೆಟ್‌ವರ್ಕ್ ಮ್ಯಾನೇಜರ್; ಇದನ್ನು ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಆರಂಭಿಸಿತು. ತೆರೆಯ ಮುಂದೆ ಕುಳಿತು ಸಂಪರ್ಕದ ಸ್ಥಿತಿ ತೋರಿಸಿ, ಗುಪ್ತಪದ ಕೇಳುವುದು ಎನ್‌ಎಂ-ಆಪ್ಲೆಟ್ ಎಂಬ ಪುಟ್ಟ ತಂತ್ರಾಂಶ. ಬಾಗಿಲ ಸಿಪಾಯಿ ಕಾಣದಿದ್ದರೂ ಕಚೇರಿ ನಡೆಯುತ್ತದೆ. ಹೊಸದಾಗಿ ಬಂದವನಿಗೆ ಮಾತ್ರ ದಾರಿ ತೋಚುವುದಿಲ್ಲ.

ಈ ಪುಟ್ಟ ಆಪ್ಲೆಟ್ಟಿನ ಪಾಡು ಸುಲಭದ್ದಲ್ಲ. 2011ರಲ್ಲಿ ಬಂದ ಗ್ನೋಮ್ 3 ಎಂಬ ದೊಡ್ಡ ಡೆಸ್ಕ್‌ಟಾಪು ತನ್ನದೇ ಜಾಲಪಟ್ಟಿಯನ್ನು ಮಾಡಿಕೊಂಡಿತು. ಆಪ್ಲೆಟ್ಟಿನ ಅಗತ್ಯ ಉಳಿದದ್ದು ಮುಖ್ಯವಾಗಿ ಹಗುರ ಡೆಸ್ಕ್‌ಟಾಪುಗಳಿಗೆ, ಅಂದರೆ ನಮ್ಮಂಥವರ ಹಳೆಯ ಯಂತ್ರಗಳಿಗೆ. ಅದು ನೆಚ್ಚಿಕೊಂಡಿದ್ದ ಜಿಟಿಕೆ ಎಂಬ ಸಾಧನಸಂಗ್ರಹವು ಟ್ರೇ ಚಿಹ್ನೆಯ ಹಳೆಯ ಪದ್ಧತಿಯನ್ನು 2014ರಲ್ಲಿ ಹಳತೆಂದು ಸಾರಿ, 2020ರ ನಾಲ್ಕನೆಯ ಆವೃತ್ತಿಯಲ್ಲಿ ತೆಗೆದೇಬಿಟ್ಟಿತು. ಕಾಲಡಿಯ ನೆಲ ಹೀಗೆ ಸರಿಯುವಾಗ, ಹಳೆಯ ಪದ್ಧತಿ ಕೆಡದಂತೆ ಹೊಸದನ್ನೂ ಕಲಿಸುವವರು ಬೇಕಲ್ಲವೆ?

ಅವರಿದ್ದಾರೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯಲ್ಲಿ ಪ್ರತಿಯೊಂದು ಪ್ಯಾಕೇಜಿಗೂ ಪಾಲಕನನ್ನೋ ಪಾಲಕರ ತಂಡವನ್ನೋ ನೇಮಿಸುವ ಪದ್ಧತಿಯಿದೆ, ಅವರು ಸ್ವಯಂಸೇವಕರು. ಮೂಲಕರ್ತೃಗಳು ಹೊರತಂದದ್ದನ್ನು ತಮ್ಮ ವ್ಯವಸ್ಥೆಗೆ ಹೊಂದಿಸುವುದು, ಅದಕ್ಕೆ ಬೇಕಾದ ಇತರ ಭಾಗಗಳನ್ನು ಜೋಡಿಸುವುದು, ಬಳಕೆದಾರರ ದೂರುಗಳಿಗೆ ಉತ್ತರಿಸುವುದು, ಸಣ್ಣ ದೋಷಗಳಿಗೆ ತೇಪೆ ಹಾಕುವುದು ಅವರ ಕಾಯಕ. ಪಾಲಕನಿಲ್ಲದ ಪ್ಯಾಕೇಜನ್ನು ಅಲ್ಲಿ ‘ಅನಾಥ’ವೆಂದೇ ಕರೆಯುತ್ತಾರೆ, ಮುಂದೆ ಬಂದು ಹೊರುವವನು ಅದನ್ನು ‘ದತ್ತಕ’ ಪಡೆಯುತ್ತಾನೆ. ಶಾಲೆಯ ಪಾಲಕರ ಸಭೆಗಳನ್ನು ನಡೆಸುತ್ತ ಬಂದ ನಮ್ಮ ಮನಸ್ಸಿಗೆ ಈ ಶಬ್ದಗಳು ನಾಟಿದವು.

ಪಾಲಕರು ಸಿಗದಿದ್ದರೆ ಏನಾಗುತ್ತದೆ? ವಿಕೆಡ್ ಎಂಬ ಇನ್ನೊಂದು ಜಾಲ ತಂತ್ರಾಂಶವಿತ್ತು. ಅದಕ್ಕೂ ಟ್ರೇ ಚಿಹ್ನೆಯಿತ್ತು, ಮೆಚ್ಚಿದವರೂ ಬಹಳವಿದ್ದರು. ಅದು ಬರೆಯಲ್ಪಟ್ಟದ್ದು ಪೈಥಾನ್ 2ರಲ್ಲಿ. 2020ರ ಜನವರಿ 1ಕ್ಕೆ ಆ ಭಾಷೆಯ ಪೋಷಣೆ ನಿಂತಿತು. ಹೊಸ ಪೈಥಾನಿಗೆ ಅದನ್ನು ಸಕಾಲದಲ್ಲಿ ದಾಟಿಸುವ ಕೈಗಳು ಒದಗಲಿಲ್ಲ. 2021ರಲ್ಲಿ ಬಂದ ಡೆಬಿಯನ್ 11ರಲ್ಲಿ ಅದು ಕಾಣಲಿಲ್ಲ.

ವಾಚಕರು ಕೇಳಬಹುದು: ನಮಗೂ ಇದಕ್ಕೂ ಏನು ಸಂಬಂಧ? ಸಂಬಂಧವಿದೆ. ಈ ಆಪ್ಲೆಟ್ಟಿಗೆ ಕನ್ನಡ ಅನುವಾದವೂ ಇದೆ. ಆದರೆ ಇಂಗ್ಲಿಷಿನ ಮೂಲವಾಕ್ಯ ತುಸು ಬದಲಾದರೂ ಹಳೆಯ ಅನುವಾದವನ್ನು ಯಂತ್ರವು ‘ಸಂದೇಹಾಸ್ಪದ’ವೆಂದು ಬದಿಗಿಡುತ್ತದೆ. ಯಾರಾದರೂ ಕಂಡು ತಿದ್ದುವವರೆಗೆ ಆ ಜಾಗದಲ್ಲಿ ಇಂಗ್ಲಿಷೇ ಮೂಡುತ್ತದೆ. ಯಾರೂ ಕನ್ನಡವನ್ನು ಅಳಿಸುವುದಿಲ್ಲ; ನೋಡುವವರಿಲ್ಲದೆ ಅದು ಸಾಲುಸಾಲಾಗಿ ಸರಿದುಹೋಗುತ್ತದೆ. ಮರಾಠಿಯ ನಾಡಿನಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಂಡು ಬಂದ ನಾವು ಈ ಬಗೆಯ ಸರಿಯುವಿಕೆಯನ್ನು ಅರಿಯದವರಲ್ಲ. ಒಂದು ವರ್ಷ ಹಾಜರಿಪುಸ್ತಕದಲ್ಲಿ ಎರಡು ಹೆಸರು ಕಡಿಮೆ, ಮರುವರ್ಷ ನಾಲ್ಕು, ಗದ್ದಲವೇನೂ ಇರುವುದಿಲ್ಲ.

ಟ್ರೇಯನ್ನು ಮರಳಿ ಕೂಡಿಸಿದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಪಟ್ಟಿಯನ್ನು ಓದುತ್ತ, “ಸರ್, ಇಲ್ಲೀತನಕ ಕನ್ನಡ ಐತಿ, ಮುಂದ ಯಾಕ ಇಲ್ಲರೀ?” ಎಂದು ಕೇಳಿದಳು. ತಕ್ಷಣಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಪುಣೆ, ಬೆಂಗಳೂರು, ಪರದೇಶಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಮಕ್ಕಳು ಇಂಥದೊಂದು ಸಣ್ಣ ಪ್ಯಾಕೇಜನ್ನಾದರೂ ದತ್ತಕ ಪಡೆಯಲೆಂದು ಅವರ ತಂದೆತಾಯಿಗಳಲ್ಲಿ ನಮ್ಮ ಅರಿಕೆ. ತಂತ್ರ ತಿಳಿಯದ ನಮ್ಮಂಥವರು ಶಬ್ದಗಳನ್ನು ತಿದ್ದಬಲ್ಲೆವು. ಈ ತಿಂಗಳು ಆ ಹುಡುಗಿಯೂ ನಾವೂ ಕೂಡಿ ಹನ್ನೊಂದು ಸಾಲುಗಳನ್ನು ವಹಿಯಲ್ಲಿ ಬರೆದಿದ್ದೇವೆ. ಅನುವಾದದ ತಂಡಕ್ಕೆ ತಲುಪಿಸುವ ಹೊಣೆಯನ್ನು ನಮ್ಮ ಹಳೆಯ ವಿದ್ಯಾರ್ಥಿ ಹೊತ್ತಿದ್ದಾನೆ.