ನೊಣಮಂಗಲ: ಮಾಲೂರು ತಾಲ್ಲೂಕಿನ ಹಳ್ಳಿಯಲ್ಲಿ ಸಿಕ್ಕ ಗಂಗರ ಕಾಲದ ಜಿನಾಲಯ ಶಾಸನಗಳು

ಜೈನ ಕ್ಷೇತ್ರ ಎಂದಕೂಡಲೇ ನಮಗೆ ಶ್ರವಣಬೆಳಗೊಳ, ಮೂಡುಬಿದಿರೆ, ಹೊಂಬುಜ ನೆನಪಾಗುತ್ತವೆ. ಕೋಲಾರ ಜಿಲ್ಲೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿ ನಿಲ್ಲುವುದಕ್ಕೆ ಸುಮಾರು ಐನೂರು ವರ್ಷ ಮೊದಲೇ ಜಿನಾಲಯಗಳಿಗೆ ದತ್ತಿ ಬಿಟ್ಟ ದಾಖಲೆ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ನೊಣಮಂಗಲ ಎಂಬ ಹಳ್ಳಿಯಲ್ಲಿ ಸಿಕ್ಕಿದೆ.

1897ರಲ್ಲಿ ಇಲ್ಲಿ ಒಂದು ಹಳೆಯ ಬಸದಿಯ ತಳಪಾಯ ಬೆಳಕಿಗೆ ಬಂತು. ಅಲ್ಲಿ ಹಿತ್ತಾಳೆಯ ಬಿಂಬಗಳು ಮತ್ತು ವಾದ್ಯಗಳ ಜೊತೆಗೆ ಗಂಗ ಅರಸರ ತಾಮ್ರಶಾಸನಗಳೂ ದೊರೆತವು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ, ಮಾಲೂರು ತಾಲ್ಲೂಕಿನ 72 ಮತ್ತು 73ನೇ ಶಾಸನಗಳಾಗಿ ಇವನ್ನು ಪ್ರಕಟಿಸಿದರು. ಕಾಲ 4-5ನೇ ಶತಮಾನವೆಂದು ಅವರು ನಿರ್ಣಯಿಸಿದರು.

ಗಂಗರು ಇಲ್ಲಿಗೆ ಹೊರಗಿನವರಲ್ಲ. ಅವರ ಮೊದಲ ರಾಜಧಾನಿ ಕುವಲಾಲವೇ ಇಂದಿನ ಕೋಲಾರ. ಸಿಂಹನಂದಿ ಆಚಾರ್ಯರು ಆ ರಾಜ್ಯ ಕಟ್ಟಲು ನೆರವಾದರೆಂದು ನಂತರದ ಶಾಸನಗಳು ಹೇಳುತ್ತವೆ.

ಎರಡು ಶಾಸನಗಳಲ್ಲಿ ಹಳೆಯದು ಮಾಧವ ರಾಜನದು. ವೀರದೇವ ಆಚಾರ್ಯರ ಉಪದೇಶದಂತೆ, ಪೆರ್ಬೊಳಲ್ ಗ್ರಾಮದಲ್ಲಿದ್ದ ಮೂಲಸಂಘದ ಅರ್ಹದಾಯತನಕ್ಕೆ ಅವನು ದತ್ತಿ ಬಿಟ್ಟ. ಅರ್ಹದಾಯತನ ಎಂದರೆ ಜಿನಾಲಯವೇ. ಕೊಟ್ಟದ್ದೇನು ನೋಡಿ: ದೊಡ್ಡ ಕೆರೆಯ ಕೆಳಗೆ 12 ಖಂಡುಗ ಬಿತ್ತನೆಯ ಭೂಮಿ, ತೋಟದ ಜಾಗ, ಜೊತೆಗೆ ಕುಮಾರಪುರ ಎಂಬ ಗ್ರಾಮ. ಖಂಡುಗ ಎಂದರೆ 20 ಕೊಳಗ. ಎಷ್ಟು ಬೀಜ ಬೇಕಾಗುತ್ತದೋ ಅದರ ಮೇಲೆ ಹೊಲ ಅಳೆಯುವ ಲೆಕ್ಕ ಇದು. ನಮ್ಮ ಕಡೆಯ ಹಿರಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಕೆಳಗಿನ ಗದ್ದೆಗೆ ಅಂದಿಗೂ ಇಂದಿಗೂ ಒಂದೇ ಬೆಲೆ! ನದಿಯ ನೀರನ್ನು ನಂಬುವ ಹಾಗಿಲ್ಲದ ಈ ಸೀಮೆಯಲ್ಲಿ ಪೂಜೆ ನಿಲ್ಲದೆ ನಡೆಯಬೇಕಾದರೆ ದೇವಾಲಯಕ್ಕೆ ಕೆರೆಯ ನೀರು ಸಿಗುವ ಭೂಮಿ ಇರಲೇಬೇಕಿತ್ತು.

ಇನ್ನೊಂದು ಶಾಸನ ಅವಿನೀತನದು. ಗುರು ವಿಜಯಕೀರ್ತಿಯವರ ಮಾತಿನಂತೆ ಅವನು ವೆನ್ನೆಲ್ಕರಣಿ ಎಂಬ ಹಳ್ಳಿಯನ್ನು ಉರನೂರಿನ ಜಿನಾಲಯಕ್ಕೆ ಕೊಟ್ಟ. ಪೇರೂರಿನ ಇನ್ನೊಂದು ಜಿನಾಲಯಕ್ಕೆ ಹೊರಸುಂಕದ ಹಣದಲ್ಲಿ ಕಾಲು ಭಾಗ ಬಿಟ್ಟ. ಅಂಗಡಿ ಇಟ್ಟವನಾದ್ದರಿಂದ ನನಗೆ ಈ ಕಾಲು ಭಾಗವೇ ಹೆಚ್ಚು ಹಿಡಿಸಿತು. ಭೂಮಿಯ ಆದಾಯ ಮಳೆಯನ್ನು ನಂಬಿರುತ್ತದೆ, ಸುಂಕದ್ದು ದಾರಿಯಲ್ಲಿ ಓಡಾಡುವ ಸರಕನ್ನು. ಅಂದರೆ ರೈತನ ಬೆವರೂ ವ್ಯಾಪಾರಿಯ ಗಂಟೂ ಸೇರಿ ಆ ಜಿನಾಲಯಗಳ ದೀಪ ಉರಿಯುತ್ತಿತ್ತು.

ಇದನ್ನು ಈಗ ಬರೆಯಲು ಕಾರಣವಿದೆ. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಮಣ್ಣಿಗೆ ಇಲ್ಲಿ ಬೆಲೆಯಿದೆ, ಕೆರೆಯಂಗಳವನ್ನೂ ಅಗೆಯುತ್ತಾರೆ. ಬೆಂಗಳೂರು ಹತ್ತಿರವಾದ್ದರಿಂದ ಹೊಲಗಳು ಸೈಟುಗಳಾಗುತ್ತಿವೆ. ಹಳೆಯ ದಿಬ್ಬವೊಂದು ಜೆಸಿಬಿಗೆ ಸಿಕ್ಕರೆ ಅರ್ಧ ದಿನದಲ್ಲಿ ಸಮತಟ್ಟಾಗುತ್ತದೆ. ತಾಮ್ರದ ಹಲಗೆಯನ್ನು ತೂಕಕ್ಕೆ ಹಾಕಿದರೆ ಗುಜರಿಯವನು ಕೊಡುವುದು ಕೆಲವು ನೂರು ರೂಪಾಯಿ ಮಾತ್ರ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಜಮೀನು ಇರುವ ಅಥವಾ ಕೊಳ್ಳುವ ನಮ್ಮ ಕುಟುಂಬಗಳು ಪಾಯ ತೆಗೆಸುವಾಗ ಸ್ವಲ್ಪ ಗಮನವಿಡಬೇಕು. ಬಿಂಬ, ಅಕ್ಷರವಿರುವ ಕಲ್ಲು, ತಗಡು ಏನೇ ಕಂಡರೂ ತೊಳೆಯಬೇಡಿ, ಉಜ್ಜಬೇಡಿ, ಭಕ್ತಿಯಿಂದಲೇ ಆದರೂ ಮನೆಗೆ ತರಬೇಡಿ. ಸಿಕ್ಕ ಜಾಗದಲ್ಲೇ ಫೋಟೋ ತೆಗೆದು ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿ ಕಾಯ್ದೆಯ ಪ್ರಕಾರ, ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಲೇಬೇಕು.