ಹೆಲ್ಸಿಂಕಿಯ ಎಂಬತ್ತೊಂಬತ್ತನೇ ನಿಮಿಷ

1952ರ ಜುಲೈ 15ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಯುಗೊಸ್ಲಾವಿಯಾ ತಂಡ ಭಾರತವನ್ನು 10–1ರಿಂದ ಸೋಲಿಸಿತು. ಭಾರತದ ಆ ಒಂದೇ ಗೋಲು ಬಂದದ್ದು 89ನೇ ನಿಮಿಷದಲ್ಲಿ. ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅದಕ್ಕೂ ನಾಲ್ಕು ವರ್ಷ ಹಿಂದೆ, ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ್ದೂ ಒಂದೇ ಪಂದ್ಯ, ಗಳಿಸಿದ್ದೂ ಒಂದೇ ಗೋಲು. ಅದನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ ಫುಟ್‌ಬಾಲ್ ಗೋಲುಗಳು ಹೀಗೆ ಒಂದೇ ಊರಿನ ಇಬ್ಬರದು. ಈ ಸಂಗತಿಗೆ ಕನ್ನಡದ ಕ್ರೀಡಾ ಬರಹಗಳಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಮನೆಯೇ ಆಟಗಾರರ ಮನೆ. ತಂದೆ ಬಾಬಾ ಖಾನ್ ಫುಟ್‌ಬಾಲ್ ಆಡಿದವರು, ಸಹೋದರರೂ ಅದೇ ಹಾದಿ ಹಿಡಿದರು. ದಂಡಿನ ಬೆಂಗಳೂರಿಗೆ ಬ್ರಿಟಿಷ್ ಸಿಪಾಯಿಗಳೊಂದಿಗೆ ಬಂದಿದ್ದ ಈ ಆಟ ಅಷ್ಟರಲ್ಲಿ ಸುತ್ತಲಿನ ಕೇರಿಗಳ ಹುಡುಗರದೂ ಆಗಿತ್ತು. 1937ರಲ್ಲಿ ಬ್ಯಾಂಗಳೂರ್ ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಸೇನಾ ತಂಡಗಳೇ ಹೊತ್ತೊಯ್ಯುತ್ತಿದ್ದ ಆ ಕಪ್ ಭಾರತೀಯ ತಂಡವೊಂದರ ಕೈಗೆ ಬಂದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನೂ ಪಡೆಯಿತು. ಕೋಲ್ಕತ್ತವೇ ಫುಟ್‌ಬಾಲ್‌ನ ಏಕೈಕ ತವರು ಎನ್ನುವವರು ಈ ಇಸವಿಗಳನ್ನು ಮರೆಯಬಾರದು. ಬ್ಯಾಂಗಳೂರ್ ಕ್ರೆಸೆಂಟ್ಸ್, ಬ್ಯಾಂಗಳೂರ್ ಮುಸ್ಲಿಮ್ಸ್ ತಂಡಗಳಲ್ಲಿ ಪಳಗಿದ ಅಹ್ಮದ್ ಖಾನ್ ಈ ಬೆಳೆಯ ನಡುವೆ ಬಂದ ಆಟಗಾರ.

ಅವರು ಆಡುತ್ತಿದ್ದ ಜಾಗ ಇನ್‌ಸೈಡ್ ಲೆಫ್ಟ್. ಆಗಿನ ಪದ್ಧತಿಯಲ್ಲಿ ಮುಂದಿನ ಸಾಲಿನಲ್ಲಿ ಐವರು: ಎರಡು ಅಂಚಿಗೆ ಇಬ್ಬರು, ನಡುವೆ ಸೆಂಟರ್ ಫಾರ್ವರ್ಡ್, ಅವನ ಎಡಬಲಕ್ಕೆ ಇನ್‌ಸೈಡ್ ಆಟಗಾರರು. ಹಿಂದಿನಿಂದ ಚೆಂಡನ್ನು ಎತ್ತಿ ತರುವುದು, ಎದುರಾಳಿಯನ್ನು ದಾಟುವುದು, ಪಕ್ಕದವನಿಗೆ ಕೊಡುವುದು, ಎಡೆ ಸಿಕ್ಕರೆ ತಾನೇ ಹೊಡೆಯುವುದು ಇನ್‌ಸೈಡ್ ಆಟಗಾರನ ಪಾಲಿನ ಕೆಲಸ. ಬೂಟಿಲ್ಲದ ಕಾಲಿನಲ್ಲಿ ಅಹ್ಮದ್ ಖಾನ್ ಚೆಂಡನ್ನು ಹೊರಳಿಸುತ್ತಿದ್ದ ಬಗೆಗೆ ಜನ ಅವರನ್ನು ಹಾವಾಡಿಗ ಎಂದು ಕರೆದರು.

1948ರ ಲಂಡನ್ ತಂಡಕ್ಕೆ ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ ನಾಯಕರು. ಜುಲೈ 31ರಂದು ಇಲ್ಫರ್ಡ್‌ನ ಮೈದಾನದಲ್ಲಿ ಎದುರಾದದ್ದು ಫ್ರಾನ್ಸ್. ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಇಳಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸಿಕ್ಕಿದ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಗೆಲುವಿನ ಗೋಲು ಹೊಡೆಯಿತು. ಒಂದು ಪೆನಾಲ್ಟಿಯಾದರೂ ಬಲೆಗೆ ಬಿದ್ದಿದ್ದರೆ ಭಾರತದ ಫುಟ್‌ಬಾಲ್ ಚರಿತ್ರೆಯ ಮೊದಲ ಪುಟವೇ ಬೇರೆಯಾಗುತ್ತಿತ್ತು. ಇಪ್ಪತ್ತೊಂದರ ಹರೆಯದ ಅಹ್ಮದ್ ಖಾನ್ ಆ ಪಂದ್ಯದಿಂದ ಹೆಸರು ಹೊತ್ತು ಮರಳಿದರು.

ಇಂದು ಕನ್ನಡ ನಾಡಿಗೆ ಸೇರಿದ ರಾಯಚೂರು, ದೇವದುರ್ಗ, ಮಾನ್ವಿ ಆ ದಿನ ಭಾರತದಲ್ಲಿ ಇರಲೇ ಇಲ್ಲ. ದೇಶ ಸ್ವತಂತ್ರವಾಗಿ ವರ್ಷ ತುಂಬುತ್ತ ಬಂದಿದ್ದರೂ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೇ ಇತ್ತು. ನಿಜಾಮರು ಶರಣಾದದ್ದು ಸೆಪ್ಟೆಂಬರ್ 17ರಂದು, ಇಲ್ಫರ್ಡ್ ಪಂದ್ಯ ಮುಗಿದು ಸುಮಾರು ಏಳು ವಾರಕ್ಕೆ. ಬೆಂಗಳೂರಿನ ಹುಡುಗರು ಭಾರತದ ಅಂಗಿ ತೊಟ್ಟು ಒಲಿಂಪಿಕ್ಸ್ ಆಡಿದಾಗ ಕೃಷ್ಣಾ–ತುಂಗಭದ್ರೆಯ ನಡುವಿನ ಕನ್ನಡಿಗರು ಇನ್ನೂ ರಜಾಕಾರರ ಹಾವಳಿಯಲ್ಲಿ ದಿನ ನೂಕುತ್ತಿದ್ದರು. ಈ ಭಾಗದ ಹಿರಿಯರ ನೆನಪಿನಲ್ಲಿ ಆ ಒಲಿಂಪಿಕ್ಸ್‌ಗೆ ಜಾಗವಿಲ್ಲದಿದ್ದರೆ ಅದು ಅವರ ತಪ್ಪಲ್ಲ.

1949ರಲ್ಲಿ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣದಿಂದ ಆಟಗಾರರನ್ನು ಆರಿಸಿ ತಂದು ಹೊಸ ಮುನ್ಸಾಲು ಕಟ್ಟಿದ್ದರು. ಬಲ ಅಂಚಿಗೆ ವೆಂಕಟೇಶ್, ಅವರ ಪಕ್ಕ ಅಪ್ಪಾರಾವ್, ನಡುವೆ ಧನರಾಜ್, ಎಡಗಡೆ ಅಹ್ಮದ್ ಖಾನ್, ಎಡ ಅಂಚಿಗೆ ಸಾಲೆ. ಬಂಗಾಳಿಗಳು ಈ ಐವರನ್ನು ಪಂಚಪಾಂಡವರೆಂದು ಕರೆದರು. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಪೂರ್ವ ಬಂಗಾಳದ ನಿರಾಶ್ರಿತರ ತಂಡವದು. ಅವರ ದಂತಕಥೆಯಾದವರು ಬಂಗಾಳಿ ನೆಲದವರಲ್ಲ, ದಕ್ಷಿಣದಿಂದ ಬಂದ ಈ ಐವರು. ಮೊದಲ ವರ್ಷವೇ ಕೋಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. ಶೀಲ್ಡನ್ನು 1949, 1950, 1951ರಲ್ಲಿ ಸತತವಾಗಿ ಗೆದ್ದರು. ಡುರಾಂಡ್ ಕಪ್ 1951ರಲ್ಲೂ 1952ರಲ್ಲೂ ದಕ್ಕಿತು.

1952ರ ಡುರಾಂಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 1–0ಯಿಂದ ಸೋಲಿಸಿದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು. ಆ ಕಾಲದಲ್ಲಿ ಇದಕ್ಕಿಂತ ಬಿರುಸಿನ ಪೈಪೋಟಿ ದೇಶದಲ್ಲಿ ಹೆಚ್ಚಿರಲಿಲ್ಲ. 1950ರಿಂದ 1954ರವರೆಗೆ ರೋವರ್ಸ್ ಕಪ್ಪನ್ನು ಐದು ವರ್ಷ ಬಿಡದೆ ಗೆದ್ದ ತಂಡ ಈ ಪೊಲೀಸರದು. ಅದರ ಗುರು ಸಯ್ಯದ್ ಅಬ್ದುಲ್ ರಹೀಮ್. ರಾಯಚೂರು ಜಿಲ್ಲೆ ಆಗ ಹೈದರಾಬಾದ್ ರಾಜ್ಯದ್ದು. ಆದ್ದರಿಂದ ದೇವದುರ್ಗ, ಮಾನ್ವಿಗಳ ಮಟ್ಟಿಗೆ ರಾಜ್ಯದ ತಂಡವೆಂದರೆ ರಹೀಮರದೇ, ಅಹ್ಮದ್ ಖಾನ್ ಎದುರಾಳಿ.

ಭಾರತ ತಂಡದಲ್ಲಿ ಮಾತ್ರ ಆ ಇಬ್ಬರೂ ಒಂದೇ ಕಡೆ. 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ ರಹೀಮ್ ತರಬೇತುದಾರರು, ಶೈಲೇನ್ ಮನ್ನಾ ನಾಯಕರು. ಇಂಡೊನೇಷ್ಯಾ ಮತ್ತು ಅಫ್ಗಾನಿಸ್ತಾನವನ್ನು ತಲಾ 3–0ಯಿಂದ ಸೋಲಿಸಿದ ಭಾರತ, ಫೈನಲ್‌ನಲ್ಲಿ ಮೇವಾಲಾಲರ ಗೋಲಿನಿಂದ ಇರಾನನ್ನು 1–0ಯಿಂದ ಮಣಿಸಿ ಚಿನ್ನ ಗೆದ್ದಿತು. ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಅದಕ್ಕೂ ಒಂದು ವರ್ಷ ಮುಂಚೆ, 1950ರಲ್ಲಿ, ಅವರ ಪೀಳಿಗೆಯ ದೊಡ್ಡ ಅವಕಾಶವೊಂದು ಕೈತಪ್ಪಿತ್ತು. ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಬ್ರೆಜಿಲ್ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಆಡಬೇಕಿತ್ತು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡದ್ದರಿಂದ ಹೋಗಲಿಲ್ಲ ಎಂಬ ಕಥೆ ಇವತ್ತಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಅದನ್ನು ನಂಬಬಾರದು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ಪಿನ ತೂಕವೇನೆಂದು ಭಾರತದ ಫುಟ್‌ಬಾಲ್ ಫೆಡರೇಷನ್‌ನವರು ಅರಿಯಲಿಲ್ಲ ಎಂಬುದೇ ಸತ್ಯಕ್ಕೆ ಹತ್ತಿರ. ಆಟಗಾರರ ಬರಿಗಾಲಿನ ಮೇಲೆ ಹೊರಿಸಿದ ಆ ತಪ್ಪು ಅಧಿಕಾರಿಗಳದು.

ಬರಿಗಾಲಿಗೆ ನಿಜವಾದ ಪರೀಕ್ಷೆ ಬಂದದ್ದು ಹೆಲ್ಸಿಂಕಿಯಲ್ಲಿ. ಅಲ್ಲಿನ ಚಳಿ, ತೇವದ ಹುಲ್ಲು, ಎದುರಿಗೆ ಆ ಕೂಟದಲ್ಲಿ ಮುಂದೆ ಬೆಳ್ಳಿ ಪದಕ ಗೆದ್ದ ಯುಗೊಸ್ಲಾವಿಯಾ. ಅವರು ಪಂದ್ಯದ ಮೊದಲ ನಿಮಿಷಗಳಿಂದಲೇ ಗೋಲು ಸುರಿಸಿದರು. ಬ್ರಾಂಕೊ ಝೆಬೆಕ್ ಒಬ್ಬರದೇ ನಾಲ್ಕು. ಒದ್ದೆ ನೆಲದಲ್ಲಿ ಬೂಟಿನ ಮೊಳೆ ನೆಲವನ್ನು ಹಿಡಿಯುತ್ತದೆ, ಬರಿಯ ಪಾದ ಜಾರುತ್ತದೆ. ಭಾರದ ಚೆಂಡನ್ನು ದೂರಕ್ಕೆ ಒದೆಯುವಾಗ, ಮೊಳೆಬೂಟಿನ ಟ್ಯಾಕಲ್‌ಗೆ ಕಾಲೊಡ್ಡುವಾಗ ಧೈರ್ಯವೊಂದೇ ಸಾಲದು. ಹತ್ತು ಗೋಲು ತಿಂದು, ಆಟ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ ಅಹ್ಮದ್ ಖಾನ್ ಚೆಂಡನ್ನು ಬಲೆಗೆ ಕಳಿಸಿದರು. ಸಮಾಧಾನದ ಗೋಲು ಎಂದು ದಾಖಲೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಸೋಲು ಖಚಿತವಾದ ಮೇಲೆ ಕಾಲು ಭಾರವಾಗುವುದು ಆಟ ಬಲ್ಲ ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲೂ ಎದುರಾಳಿಯ ಗೋಲಿನತ್ತ ಓಡಿದ ಆಟಗಾರನಿಗೆ ಒಂದು ಸಾಲಿಗಿಂತ ಹೆಚ್ಚಿನ ಗೌರವ ಸಲ್ಲಬೇಕು.

ಹೆಲ್ಸಿಂಕಿಯಿಂದ ಮರಳಿದ ಬಳಿಕ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬರಿಗಾಲಿನ ಫುಟ್‌ಬಾಲ್ ಯುಗ ಅಲ್ಲಿಗೆ ಮುಗಿಯಿತು. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ನಲ್ಲಿ, ರಹೀಮರ ಕೈಕೆಳಗೆ ಬೂಟು ತೊಟ್ಟ ಭಾರತ ಅದೇ ಯುಗೊಸ್ಲಾವಿಯಾವನ್ನು ಸೆಮಿಫೈನಲ್‌ನಲ್ಲಿ ಎದುರಿಸಿತು. ಮೊದಲು ಗೋಲು ಹೊಡೆದದ್ದು ಭಾರತವೇ, ಸೋಲು 4–1ರಿಂದ. ಒಟ್ಟಾರೆ ನಾಲ್ಕನೇ ಸ್ಥಾನ. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು, ಅಹ್ಮದ್ ಖಾನ್ ಇರಲಿಲ್ಲ. ಆ ಕೂಟ ಆರಂಭವಾಗಲು ಮೂರು ವಾರವಿದ್ದಾಗ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯ ಸೇರಿತ್ತು. ಈ ಜಿಲ್ಲೆಯ ಜನ ಲಂಡನ್ ಹೊತ್ತಿಗೆ ನಿಜಾಮರ ಪ್ರಜೆಗಳು, ಹೆಲ್ಸಿಂಕಿ ಹೊತ್ತಿಗೆ ಹೈದರಾಬಾದ್ ರಾಜ್ಯದವರು, ಮೆಲ್ಬರ್ನ್ ಹೊತ್ತಿಗೆ ಮೈಸೂರಿನವರು. ರಹೀಮರ ಪರಂಪರೆಯೂ ಅಹ್ಮದ್ ಖಾನರ ಪರಂಪರೆಯೂ ಈ ಜಿಲ್ಲೆಗೆ ಸಲ್ಲುತ್ತವೆ. ಆದರೆ ಹೈದರಾಬಾದಿನವರು ರಹೀಮರನ್ನು ನೆನೆಯುವಷ್ಟು ಕನ್ನಡ ನಾಡು ಅಹ್ಮದ್ ಖಾನರನ್ನು ನೆನೆಯಲಿಲ್ಲ.

ಈಸ್ಟ್ ಬೆಂಗಾಲ್‌ನಲ್ಲಿ ಅವರು ಸುಮಾರು ಒಂದು ದಶಕ ಆಡಿದರು. ಆಟ ಬಿಟ್ಟ ಮೇಲಿನ ವರ್ಷಗಳ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ. 1961ರಲ್ಲಿ ಶುರುವಾದ ಅರ್ಜುನ ಪ್ರಶಸ್ತಿ ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಚಿನ್ನ ಗೆದ್ದ ಈ ಆಟಗಾರನಿಗೆ ಬರಲೇ ಇಲ್ಲ. ಬದುಕಿದ್ದಾಗಲೇ ಕರೆದು ಮನ್ನಿಸಿದ್ದು ಕೋಲ್ಕತ್ತದ ಹಳೆಯ ಕ್ಲಬ್ಬು: 2012ರಲ್ಲಿ ಈಸ್ಟ್ ಬೆಂಗಾಲ್ ಅವರಿಗೆ ತನ್ನ ಭಾರತ ಗೌರವ ಪ್ರಶಸ್ತಿ ನೀಡಿತು. 2017ರ ಆಗಸ್ಟ್ 27ರಂದು, 90ನೇ ವಯಸ್ಸಿನಲ್ಲಿ, ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡರು. 1960ರ ರೋಮ್ ಕೂಟದ ನಂತರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ಗೆ ಹೋಗಿಲ್ಲ. ನಾಲ್ಕು ಕೂಟಗಳಲ್ಲಿ ಅದು ಹೊಡೆದ ಗೋಲುಗಳು ಒಟ್ಟು 10.