ನಿಮಗಿದು ಗೊತ್ತೇ? ಮಾರುವೇಷದ ಮಾತುಗಳು

ಸಾಮಾಜಿಕ ಜಾಲತಾಣಗಳಲ್ಲಿ ನಾವು ಬರೆದದ್ದನ್ನು ಮೊದಲು ಜರಡಿ ಹಿಡಿಯುವುದು ಯಂತ್ರ. ಅದರ ಕಣ್ತಪ್ಪಿಸಲು ಜನ ಹೂಡಿದ ಉಪಾಯಗಳು ಒಂದೆರಡಲ್ಲ.

● ಚೀನಾದ ಜನ ಜೂನ್ 4ನ್ನು ‘ಮೇ 35’ ಎಂದು ಬರೆದದ್ದುಂಟು. 1989ರ ಆ ದಿನ ಬೀಜಿಂಗ್‌ನ ತಿಯಾನನ್ಮೆನ್ ಪ್ರತಿಭಟನೆಯನ್ನು ಸೇನೆ ರಕ್ತ ಹರಿಸಿ ಅಡಗಿಸಿತು. ನಿಜವಾದ ತಾರೀಖು ಬರೆದರೆ ಬರಹವೇ ಮಾಯ!

● 2013ರಲ್ಲಿ ಅಲ್ಲಿನ ವೈಬೊ ತಾಣದಲ್ಲಿ ‘ದೊಡ್ಡ ಹಳದಿ ಬಾತು’ ಎಂದು ಹುಡುಕುವುದಕ್ಕೂ ತಡೆ ಬಿತ್ತು. 1989ರಲ್ಲಿ ಬೀಜಿಂಗ್‌ನಲ್ಲಿ ಟ್ಯಾಂಕುಗಳಿಗೆ ಎದುರು ನಿಂತ ಒಂಟಿ ಮನುಷ್ಯನ ಪ್ರಸಿದ್ಧ ಚಿತ್ರದಲ್ಲಿ, ಟ್ಯಾಂಕುಗಳ ಜಾಗದಲ್ಲಿ ರಬ್ಬರ್ ಬಾತುಗಳನ್ನು ಕೂರಿಸಿ ಹಂಚಿದ್ದೇ ಕಾರಣ.

● 2020ರ ಮಾರ್ಚ್‌ನಲ್ಲಿ ವುಹಾನ್‌ನ ವೈದ್ಯೆ ಐ ಫೆನ್ ಕೊರೊನಾ ಬಗ್ಗೆ ನೀಡಿದ ಸಂದರ್ಶನವನ್ನು ಅಳಿಸಲಾಯಿತು. ಓದುಗರು ಬಿಡಲಿಲ್ಲ. ಎಮೋಜಿಯಲ್ಲಿ, ಮೋರ್ಸ್ ಸಂಕೇತದಲ್ಲಿ ಬರೆದು ಮತ್ತೆ ಹಂಚಿದರು.

● 2021ರಲ್ಲಿ ಪ್ಯಾಲೆಸ್ಟೀನ್ ಬಗ್ಗೆ ಬರೆಯುವವರು ಅರಬ್ಬಿ ಅಕ್ಷರಗಳ ಚುಕ್ಕಿಗಳನ್ನೇ ಕೈಬಿಟ್ಟರು. ಆ ಭಾಷೆ ಬಲ್ಲವರು ಓದಿಕೊಂಡರು, ಯಂತ್ರ ತಡವರಿಸಿತು.

● ಅದೇ ಉಪಾಯ ಕೇಡಿಗೂ ಒದಗಿತು. 2021ರಲ್ಲಿ ಲಸಿಕೆ ವಿರೋಧಿಗಳ ಕೆಲವು ಫೇಸ್‌ಬುಕ್ ಗುಂಪುಗಳು ‘ಡ್ಯಾನ್ಸ್ ಪಾರ್ಟಿ’ ಎಂದು ಹೆಸರಿಟ್ಟುಕೊಂಡು ಸುಳ್ಳು ಹಬ್ಬಿಸಿದವು.

● ಉಪವಾಸವಿದ್ದು ದೇಹ ಸೊರಗಿಸಿಕೊಳ್ಳುವುದನ್ನು ಹೊಗಳುವ ಹ್ಯಾಷ್‌ಟ್ಯಾಗ್‌ಗಳನ್ನು ಇನ್‌ಸ್ಟಾಗ್ರಾಂ 2012ರಲ್ಲಿ ನಿರ್ಬಂಧಿಸಿತು. ಕಾಗುಣಿತ ಬದಲಿಸಿ ಅವು ಮರಳಿ ಬಂದವು. ಹಾಗೆ ಬಂದವುಗಳಲ್ಲಿ ಇನ್ನಷ್ಟು ಅಪಾಯಕಾರಿ ಬರಹಗಳಿದ್ದವೆಂದು 2016ರ ಅಧ್ಯಯನವೊಂದು ತೋರಿಸಿತು.

● ಭ್ರೂಣಲಿಂಗ ಪತ್ತೆಯ ಜಾಹೀರಾತು ನಮ್ಮಲ್ಲಿ 1994ರ ಕಾಯ್ದೆಯಡಿ ಅಪರಾಧ. ಕೆಲವು ಹುಡುಕುಪದಗಳಿಗೆ ಇಂಥ ಜಾಹೀರಾತು ತೋರದಂತೆ ತಡೆಯಲು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಪ್ಪಿವೆಯೆಂದು 2016ರಲ್ಲಿ ಕೇಂದ್ರವು ಸುಪ್ರೀಂ ಕೋರ್ಟಿಗೆ ತಿಳಿಸಿತು. ಪಟ್ಟಿಯಲ್ಲಿಲ್ಲದ ಪದ ಬಳಸುವವರ ಮುಂದೆ ಮಾತ್ರ ಯಾವ ಪಟ್ಟಿಯೂ ಸಾಲದು.

● ಪದ ನೋಡಿ ತಡೆಯುವ ಯಂತ್ರ ನಿರಪರಾಧಿಗಳನ್ನೂ ಬಿಡದು. 1996ರಲ್ಲಿ ಇಂಗ್ಲೆಂಡಿನ ಸ್ಕಂಥೋರ್ಪ್ ಊರಿನವರಿಗೆ ಎಒಎಲ್ ಎಂಬ ಅಂತರ್ಜಾಲ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲ. ಊರ ಹೆಸರಿನೊಳಗೆ ಬೈಗುಳವೊಂದರ ಅಕ್ಷರಗಳಿದ್ದವು, ಅಷ್ಟೇ!

● ಕನ್ನಡದ ಒಂದೇ ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತಾರು ಬಗೆಯಾಗಿ ಬರೆಯಬಹುದು. ಯೂಟ್ಯೂಬ್ ಕಾಮೆಂಟುಗಳಲ್ಲಿನ ಇಂಥ ನಿಂದನೆಯನ್ನು ಕಂಪ್ಯೂಟರ್‌ನಿಂದ ಗುರುತಿಸಲು 2021ರಲ್ಲಿ ಸಂಶೋಧಕರು ನಡೆಸಿದ ಸ್ಪರ್ಧೆಯಲ್ಲಿ ತಮಿಳು, ಮಲಯಾಳಂ ಜೊತೆ ಕನ್ನಡವೂ ಇತ್ತು.

ಬಾಯಿ ಕಟ್ಟಿಸಿಕೊಂಡವರಿಗೆ ದನಿಯಾದ ಉಪಾಯವೇ ವಂಚಕರಿಗೂ ಮರೆಯಾಗಿದೆ. ಯಾವುದು ಯಾವುದೆಂದು ಬೇರ್ಪಡಿಸಲು ಆ ಭಾಷೆಯಲ್ಲೇ ಬಾಳುವ ಮನುಷ್ಯರು ಬೇಕು. ಕನ್ನಡ ಬಲ್ಲ ಪರಿಶೀಲಕರನ್ನು ಸಾಕಷ್ಟು ಸಂಖ್ಯೆಯಲ್ಲಿ ನೇಮಿಸುವುದು ಕಂಪನಿಗಳ ಹೊಣೆ. ಮಕ್ಕಳ ಮೊಬೈಲಿನಲ್ಲಿ ಅರ್ಥವಾಗದ ಸಂಕೇತ ಕಂಡರೆ ಗದರದೆ ಕೂತು ಕೇಳುವುದು ನಮ್ಮ ಹೊಣೆ.